‘ಹಾಲಿನ ಲೆಕ್ಕ’ ಎಂಬ ಫೈಲು

ನನ್ನ ಮೊಬೈಲಿನಲ್ಲಿ ‘ಹಾಲಿನ ಲೆಕ್ಕ’ ಎಂಬ ಹೆಸರಿನ ಒಂದು ರೆಕಾರ್ಡಿಂಗ್ ಇದೆ. ನಲವತ್ತೊಂದು ನಿಮಿಷದ್ದು. ಮಕ್ಕಳು ಅಪ್ಪಿತಪ್ಪಿ ಒತ್ತಬಾರದೆಂದು ಆ ಹೆಸರಿಟ್ಟೆ. ಅದರಲ್ಲಿರುವುದು ನನ್ನದೇ ದನಿ. 2022ರ ಜುಲೈ ತಿಂಗಳ ಒಂದು ಬೆಳಿಗ್ಗೆ ಕುಡತಿನಿ ದಾಟಿದ ಮೇಲೆ ನಾವು ಕೂತಿದ್ದ ಟಂಟಂ ಆಟೊಗೆ ಏನಾಯಿತು ಎಂಬುದನ್ನು ಕಣ್ಣು ಮುಚ್ಚಿಕೊಂಡು, ಈಗಲೇ ನಡೆಯುತ್ತಿದೆಯೇನೋ ಎಂಬಂತೆ ಹೇಳಿದ್ದೇನೆ. ನಡುನಡುವೆ ಇನ್ನೊಬ್ಬ ಹೆಣ್ಣುಮಗಳ ದನಿ ಕೇಳುತ್ತದೆ: “ಈಗ ಅಂಜಿಕಿ ಎಷ್ಟಾಣೆ?” ನಾನು “ಹದಿನಾಲ್ಕು” ಅನ್ನುತ್ತೇನೆ. ಮತ್ತೆ ಮುಂದುವರಿಸುತ್ತೇನೆ.

ನಾನು ಕನ್ನಡ ಟೀಚರ್. ಮನೆ ಬಳ್ಳಾರಿಯಲ್ಲಿ, ಶಾಲೆ ಕುಡತಿನಿ ಮತ್ತು ತೋರಣಗಲ್ಲಿನ ನಡುವಿನ ಒಂದು ಹಳ್ಳಿಯಲ್ಲಿ. ನಾಲ್ಕೈದು ಜನ ಟೀಚರುಗಳು ಸೇರಿ ಒಂದು ಟಂಟಂ ಗೊತ್ತು ಮಾಡಿಕೊಂಡಿದ್ದೆವು. ಆ ರಸ್ತೆ ಗೊತ್ತಿದ್ದವರಿಗೆ ಅಲ್ಲಿನ ಅದಿರು ಲಾರಿಗಳ ಬಗ್ಗೆ ಹೇಳಬೇಕಾಗಿಲ್ಲ. ಹಿಂದಿನಿಂದ ಬಂದ ಟಿಪ್ಪರೊಂದು ನಮ್ಮನ್ನು ದಾಟುವಾಗ ಎದುರಿಗೆ ಬಸ್ಸು ಬಂತು, ಅವನು ಒಮ್ಮೆಲೇ ಎಡಕ್ಕೆ ಎಳೆದ, ಬ್ರೇಕು ಹಾಕಿದ. ಏರ್ ಬ್ರೇಕಿನ ‘ಚುಸ್ಸ್’ ಎಂಬ ಶಬ್ದ ನನ್ನ ಕಿವಿಯ ಹತ್ತಿರವೇ ಬಂತು. ಅಂಚಿನ ಸೀಟಿನಲ್ಲಿದ್ದ ನಮ್ಮ ಗಣಿತದ ಟೀಚರ್ ಸ್ಥಳದಲ್ಲೇ ಹೋದಳು. ಇಪ್ಪತ್ತೊಂಬತ್ತು ವರ್ಷದವಳು, ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನನಗೆ ಬಲಗೈ ಮೂಳೆ ಮುರಿದಿತ್ತು, ಅಷ್ಟೇ. ಅಂಚಿನ ಸೀಟು ದಿನಾ ನನ್ನದು. ಅವತ್ತು ಧೂಳಿಗೆ ಕೆಮ್ಮು ಬರುತ್ತದೆ ಅಂತ ನಾನೇ ಅವಳನ್ನು ಆ ಕಡೆ ಕೂತುಕೋ ಎಂದು ಕೇಳಿದ್ದೆ.

ಕೈ ಎರಡು ತಿಂಗಳಲ್ಲಿ ಕೂಡಿತು. ಮಿಕ್ಕದ್ದು ಕೂಡಲಿಲ್ಲ. ಮನೆಯಲ್ಲಿ ಕುಕ್ಕರ್ ಇಡುವುದನ್ನೇ ಬಿಟ್ಟೆ, ಸೀಟಿ ಬರುವ ಮುಂಚಿನ ಆ ಗಾಳಿಯ ಸಪ್ಪಳ ಕೇಳಿದರೆ ಒಲೆ ಮುಂದೆಯೇ ಕುಸಿದು ಕೂರುತ್ತಿದ್ದೆ. ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದೆ. ರಾತ್ರಿ ಎರಡಕ್ಕೆ ಎಚ್ಚರ, ಬೆವರು. ಶಾಲೆಗೆ ಹೋಗಲು ಅದೇ ರಸ್ತೆ, ಆದ್ದರಿಂದ ರಜೆ, ಆಮೇಲೆ ವೇತನವಿಲ್ಲದ ರಜೆ. ಮಗಳು ಹಿಂದಿನಿಂದ ಬಂದು ಮುಟ್ಟಿದರೆ ಚೀರುತ್ತಿದ್ದೆ. ಒಮ್ಮೆ ಅವಳ ಕೈಗೆ ಹೊಡೆದೇಬಿಟ್ಟೆ. ಆವತ್ತಿನಿಂದ ಅವಳು ನನ್ನ ಹತ್ತಿರ ಬರುವ ಮುಂಚೆ ದೂರದಿಂದಲೇ “ಅಮ್ಮ, ನಾನು ಬರ್ತಿದ್ದೀನಿ” ಅಂತ ಹೇಳುವುದನ್ನು ಕಲಿತಳು. ಏಳು ವರ್ಷದ ಮಗು.

ಗಣಿತದ ಟೀಚರಿನ ತಾಯಿ ಸಂಡೂರಿನ ಕಡೆಯವರು. ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.

ನಮ್ಮತ್ತೆಯವರು ಕನಕದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಬಂದರು, ಕೈಗೆ ದಾರ ಕಟ್ಟಿಸಿದರು. ನನ್ನ ಮೇಲಿನ ಅಕ್ಕರೆಯಿಂದ ಮಾಡಿದ್ದು, ಆ ದಾರ ಇಂದಿಗೂ ಬಿಚ್ಚಿಲ್ಲ. ಒಂದು ಆಸ್ಪತ್ರೆಗೂ ಹೋದೆವು. ಹೆಸರು ಬೇಡ. ಒಳಗೆ ಕೂತದ್ದು ಮೂರು ನಿಮಿಷವಿರಬಹುದು. “ಟೆನ್ಷನ್ ಮಾಡ್ಕೋಬ್ಯಾಡ್ರಿ, ಮಕ್ಕಳ ಮುಖ ನೋಡಿ ಧೈರ್ಯ ತಗೊಳ್ರಿ” ಎಂದು ನಿದ್ದೆ ಗುಳಿಗೆ ಬರೆದುಕೊಟ್ಟರು. ಮಕ್ಕಳ ಮುಖ ನೋಡಿದಾಗಲೇ ಹೆಚ್ಚು ಹೆದರಿಕೆಯಾಗುತ್ತಿತ್ತು ಎಂಬುದನ್ನು ಹೇಳಲು ಅಲ್ಲಿ ಹೊತ್ತಿರಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ಅದನ್ನೂ ನೋಡಿದೆ.

2023ರ ಜನವರಿಯಲ್ಲಿ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಸಹಾಯವಾಣಿ ಅದು, ಮೂರು ತಿಂಗಳ ಹಿಂದಷ್ಟೇ, 2022ರ ಅಕ್ಟೋಬರ್ 10ರಂದು ಶುರುವಾಗಿತ್ತು. ಕನ್ನಡದಲ್ಲಿ ಮಾತನಾಡಿದ ಆ ಹುಡುಗಿ ನನಗೆ ಧೈರ್ಯ ಹೇಳಲಿಲ್ಲ. “ಕನಸಿನಾಗ ಏನು ಕಾಣ್ತದ ರೀ?” ಅಂತ ಕೇಳಿದಳು. ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಅವಳೇ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಹತ್ತಿರ ಹೋಗಲು ಹೇಳಿದ್ದು.

ಅಲ್ಲಿ ಸಿಕ್ಕ ಮನೋವೈದ್ಯರು ಕಾಯಿಲೆಗೆ ಹೆಸರು ಕೊಟ್ಟರು: ಪಿಟಿಎಸ್‌ಡಿ. ದೊಡ್ಡ ಆಘಾತದ ನಂತರ ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಳ್ಳುವ ಕಾಯಿಲೆ. ವೈದ್ಯರ ಪುಸ್ತಕಕ್ಕೆ ಈ ಹೆಸರಿನಲ್ಲಿ ಸೇರಿದ್ದು 1980ರಲ್ಲಿ, ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರನ್ನು ನೋಡಿ ನೋಡಿ. ನಾನೇನು ಯುದ್ಧಕ್ಕೆ ಹೋಗಿದ್ದೆನೇ ಎಂದೆ. “ಆ ರಸ್ತಿ ಏನು ಕಮ್ಮಿ ಏನ್ರಿ?” ಎಂದರು. ಸರ್ಟ್ರಲೀನ್ ಎಂಬ ಗುಳಿಗೆ, ಮೊದಲು 25 ಮಿಲಿಗ್ರಾಂ, ನಿಧಾನಕ್ಕೆ 100ರ ತನಕ. ಅದರಿಂದ ನಿದ್ದೆ ಬಂತು, ಅಳು ಕಡಿಮೆಯಾಯಿತು, ಮಗಳ ಜಡೆ ಹಾಕುವಷ್ಟು ತಾಳ್ಮೆ ಬಂತು. ಗುಳಿಗೆಯನ್ನು ಹೀಗಳೆಯುವವರ ಜೊತೆ ನಾನು ಸೇರುವುದಿಲ್ಲ. ಆದರೆ ರಸ್ತೆ ಮಾತ್ರ ಹಾಗೇ ಉಳಿಯಿತು. ಗಡಿಗಿ ಚೆನ್ನಪ್ಪ ಸರ್ಕಲ್ ದಾಟಿ ಹೊಸಪೇಟೆ ಕಡೆ ಆಟೊ ತಿರುಗಿದರೆ ಸಾಕು, ಇಳಿದುಬಿಡುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಮೊಬೈಲಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ ಎಂಬ ಮಾದಕ ವಸ್ತುವನ್ನು ಬರೆದುಕೊಡಬಹುದು ಅಂತ. ನಮ್ಮಲ್ಲಿ ಆ ಹೆಸರು ಕೇಳುವುದು ಬೆಂಗಳೂರಿನ ಪೊಲೀಸರು ಹಿಡಿದ ಸುದ್ದಿಯಲ್ಲಿ ಮಾತ್ರ. ಒಂದು ಕಡೆ ಕೈಕೋಳ, ಇನ್ನೊಂದು ಕಡೆ ವೈದ್ಯರ ಚೀಟಿ. ನನಗೆ ಅದರ ಹಿಂದೆ ಬೀಳದೆ ಇರಲಾಗಲಿಲ್ಲ. ಎಚ್ಚರವಿದ್ದ ರಾತ್ರಿಗಳೇನೂ ಕಡಿಮೆ ಇರಲಿಲ್ಲ, ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷ್ ಲೇಖನಗಳನ್ನು ಓದಿದೆ.

ಅದನ್ನು ಮೊದಲು ತಯಾರಿಸಿದ್ದು 1912ರಲ್ಲಿ, ಜರ್ಮನಿಯ ಮರ್ಕ್ ಕಂಪನಿಯ ಆಂಟನ್ ಕೋಲಿಶ್ ಎಂಬ ರಸಾಯನಶಾಸ್ತ್ರಜ್ಞ. ರಕ್ತ ನಿಲ್ಲಿಸುವ ಔಷಧಿಯೊಂದನ್ನು ಹುಡುಕುವ ದಾರಿಯಲ್ಲಿ ಇದು ನಡುವಿನ ಒಂದು ಮೆಟ್ಟಿಲು, ಅಷ್ಟೇ. ದಶಕಗಳ ಕಾಲ ಯಾರೂ ಅದರ ಕಡೆ ಹೆಚ್ಚು ನೋಡಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಅಲೆಕ್ಸಾಂಡರ್ ಶುಲ್ಗಿನ್ ಅದನ್ನು ಮತ್ತೆ ತಯಾರಿಸಿ, ಲಿಯೊ ಝೆಫ್ ಎಂಬ ಚಿಕಿತ್ಸಕರಿಗೆ ಪರಿಚಯಿಸಿದರು. ಅವರಿಂದ ಇನ್ನೆಷ್ಟೋ ಚಿಕಿತ್ಸಕರಿಗೆ ಹೋಯಿತು. ಅಲ್ಲಿಂದ ಕುಣಿಯುವ ಕ್ಲಬ್ಬುಗಳಿಗೂ ಹೋಯಿತು. 1985ರಲ್ಲಿ ಅಮೆರಿಕ ನಿಷೇಧಿಸಿತು. ಮರುವರ್ಷ ರಿಕ್ ಡಾಬ್ಲಿನ್ ಎಂಬಾತ ಮ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿ, ಇದನ್ನು ಔಷಧಿಯಾಗಿ ಪರೀಕ್ಷಿಸಲು ಬಿಡಿ ಎಂದು ಮೂರು ಚಿಲ್ಲರೆ ದಶಕ ಬೆನ್ನು ಹತ್ತಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು ಕೆಲಸ ಮಾಡುವ ಬಗೆ. ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಭಾಗವಿದೆ, ಭಯದ ಗಂಟೆ ಬಾರಿಸುವುದು ಅದು. ಎಂಡಿಎಂಎ ಸೆರೊಟೋನಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಬಿಡುಗಡೆ ಮಾಡಿಸುತ್ತದೆ, ಆಗ ಆ ಗಂಟೆ ಕೆಲವು ತಾಸು ತಣ್ಣಗಾಗುತ್ತದೆ, ಎದುರಿಗೆ ಕೂತವರ ಮೇಲೆ ನಂಬಿಕೆ ಹುಟ್ಟುತ್ತದೆ, ಆದರೆ ನೆನಪು ಮಸುಕಾಗುವುದಿಲ್ಲ ಎನ್ನುತ್ತಾರೆ ಸಂಶೋಧಕರು. ಅಂದರೆ ಆ ಟಂಟಂನೊಳಗೆ ಮತ್ತೆ ಹೋಗಿ, ನಡುಗದೆ ಸುತ್ತ ನೋಡಬಹುದು. ಇದನ್ನು ಓದಿದ ರಾತ್ರಿ ಬಹಳ ಅತ್ತೆ. ಅಂಥದ್ದೊಂದು ಇದೆ, ಸಮುದ್ರದ ಆಚೆ ಇದೆ, ನನಗಿಲ್ಲ.

ದೀಪಾವಳಿಗೆ ನಮ್ಮಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಸಾಫ್ಟ್‌ವೇರಿನವನು, ಒಳ್ಳೆಯ ಹುಡುಗ. ಅವನ ಹತ್ತಿರ ಇದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅತ್ತಿ, ಬೇಕಂದ್ರ ಸಿಗ್ತದ. ನನ್ನ ಫ್ರೆಂಡ್ಸ್‌ಗೆ ಗೊತ್ತು” ಎಂದ. ನನ್ನ ಎದೆ ಹೊಡೆದುಕೊಂಡಿದ್ದು ಹೆದರಿಕೆಯಿಂದ ಮಾತ್ರ ಅಲ್ಲ, ಆಸೆಯೂ ಇತ್ತು. ಆ ರಾತ್ರಿ ಕಾನೂನು ಓದಿದೆ. ಮಾದಕ ವಸ್ತು ತಡೆಯುವ ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆಯೂ 1985ರದೇ. ಅದರ ಪ್ರಕಾರ ಎಂಡಿಎಂಎ ಅರ್ಧ ಗ್ರಾಂವರೆಗೆ ‘ಸಣ್ಣ ಪ್ರಮಾಣ’, 10 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’, ಅದಕ್ಕೆ ಹತ್ತರಿಂದ ಇಪ್ಪತ್ತು ವರ್ಷ ಸೆರೆ. ಸಣ್ಣದಕ್ಕೂ ಒಂದು ವರ್ಷದವರೆಗೆ ಆಗಬಹುದು. ಇಪ್ಪತ್ತಾರು ವರ್ಷದ ಹುಡುಗನನ್ನು ನನ್ನ ನಿದ್ದೆಗೋಸ್ಕರ ಆ ದಾರಿಗೆ ಕಳಿಸಲೇ? ಇನ್ನೊಂದು ಸಂಗತಿಯೂ ಇತ್ತು. ಪ್ರಯೋಗದಲ್ಲಿ ಕೊಡುವುದು ತೂಕ ಮಾಡಿದ ಶುದ್ಧ ವಸ್ತು. ಬೀದಿಯಲ್ಲಿ ಆ ಹೆಸರಿನಲ್ಲಿ ಸಿಗುವ ಗುಳಿಗೆಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಬೇಡಪ್ಪ ಎಂದೆ. ಅವನಿಗೂ ಹಗುರವಾಯಿತು ಅನಿಸುತ್ತದೆ.

ಡಾಕ್ಟರ್ ಹತ್ತಿರ ಕೇಳಲು ಎರಡು ತಿಂಗಳು ಧೈರ್ಯ ಸಾಲಲಿಲ್ಲ. ಟೀಚರಮ್ಮ ಡ್ರಗ್ಸ್ ಕೇಳುತ್ತಾಳೆ ಅಂದುಕೊಂಡರೆ? 2024ರ ಜನವರಿಯಲ್ಲಿ ಕೊನೆಗೂ ಬಾಯಿ ಬಿಟ್ಟೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಅವತ್ತು ಜನ ಕಡಿಮೆ ಇದ್ದರು. ಔಷಧಿ ಚೀಟಿ ತಿರುಗಿಸಿ ಹಿಂದೆ ಎರಡು ಅಂಕಿ ಬರೆದರು. 71, 48.

“ಇದು ಹೋದ ಸೆಪ್ಟೆಂಬರ್‌ನಾಗ ಬಂದ ಪ್ರಯೋಗ. ನೂರಾ ನಾಕು ಜನ. ಔಷಧಿ ತಗೊಂಡೋರೊಳಗ ನೂರಕ್ಕ 71 ಮಂದಿಗೆ ಕೊನಿಗೆ ಪಿಟಿಎಸ್‌ಡಿ ಅಂತ ಹೇಳೋ ಹಂಗ ಇರಲಿಲ್ಲ. ಇದನ್ನ ನೀವು ಓದೀರಿ. ಈ 48 ಯಾರು, ಹೇಳ್ರಿ?”

ಗೊತ್ತಿರಲಿಲ್ಲ. ಓದಿದ್ದೆ, ಆದರೆ ಕಣ್ಣು ಅದರ ಮೇಲೆ ನಿಂತಿರಲಿಲ್ಲ.

“ಔಷಧಿ ಇಲ್ಲದ ಗುಳಿಗಿ ನುಂಗಿದೋರು. ಅವರಿಗೆ ಸಿಕ್ಕಿದ್ದು ಬರೇ ಥೆರಪಿ, ಮಾತಿನ ಚಿಕಿತ್ಸೆ. ಹೆಚ್ಚು ಕಡಿಮಿ ಅರ್ಧ ಮಂದಿ.”

ಅದಕ್ಕೂ ಮುಂಚೆ 2021ರಲ್ಲಿ ಬಂದ ಇಂಥದ್ದೇ ಪ್ರಯೋಗದಲ್ಲಿ, ತೊಂಬತ್ತು ಜನರಲ್ಲಿ, ಅದು 67 ಮತ್ತು 32. ಔಷಧಿಯ ಕಡೆಗೇ ತಕ್ಕಡಿ ವಾಲುತ್ತದೆ ಎಂದು ಅವರೂ ಒಪ್ಪಿದರು. ಅದರ ಜೊತೆಗೆ ಒಂದು ಕೊರತೆಯನ್ನೂ ಹೇಳಿದರು: ನಿಜವಾದ ಎಂಡಿಎಂಎ ಬಿದ್ದವರಿಗೆ ಅದು ಗೊತ್ತಾಗಿಬಿಡುತ್ತದೆ, ಎದೆ ಬಡಿತ ಏರುತ್ತದೆ, ದವಡೆ ಬಿಗಿಯುತ್ತದೆ. ಗೊತ್ತಾದ ಮೇಲೆ ಆಸೆಯೇ ಅರ್ಧ ಗುಣ ಮಾಡಿತೋ ಏನೋ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಬಿಪಿ 150ರ ಸುತ್ತ ಇತ್ತು, ಬಿಪಿಯನ್ನೂ ಮೈ ಕಾವನ್ನೂ ಏರಿಸುವ ವಸ್ತು ಅದು. ಸರ್ಟ್ರಲೀನ್ ತೆಗೆದುಕೊಳ್ಳುವವರಿಗೆ ಅದರ ಪರಿಣಾಮವೇ ಮೊಂಡಾಗುತ್ತದೆ, ಅದಕ್ಕೇ ಪ್ರಯೋಗಕ್ಕೆ ಸೇರುವವರು ಇಂಥ ಗುಳಿಗೆಗಳನ್ನು ವೈದ್ಯರ ಕಣ್ಣೆದುರು ನಿಧಾನಕ್ಕೆ ಬಿಟ್ಟಿರಬೇಕು. ಹೀಗೆ ಒಂದೊಂದೇ ಹೇಳಿ, “ಇಲ್ಲಿ ನಾನು ಬರದು ಕೊಡೋ ಹಂಗೇ ಇಲ್ಲ. ಆದ್ರ ಈ 48ರ ದಾರಿ ಐತಲ್ಲ, ಹೂಬೇಹೂಬು ಅದೇ ಅಲ್ಲದಿದ್ರೂ ಅಂಥದ್ದೊಂದು ನಮ್ಮ ಹತ್ರ ಐತಿ. ಮಾಡ್ತೀರೇನು?” ಎಂದರು.

ಹೊರಗೆ ಬರುವಾಗ ಇನ್ನೊಂದು ಮಾತು ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ನಿಮ್ಹಾನ್ಸ್‌ನವರು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು ಒಂದು ಪ್ರಯೋಗ ಮಾಡಿದ್ದರಂತೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿ, ಅಲ್ಲಲ್ಲೇ ಔಷಧಿ ಕೊಡಿಸಿದ್ದು. ‘ಬಳ್ಳಾರಿ ಮಾದರಿ’ ಎಂದೇ ಅದರ ಹೆಸರು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದನ್ನು ನೋಡಿಯೇ. ಅಮೆರಿಕದವರು ಎಂಡಿಎಂಎ ಮುಚ್ಚಿದ ವರ್ಷ, ನಮ್ಮ ಕಾಯ್ದೆ ಬಂದ ವರ್ಷ, ನಮ್ಮೂರಿನಲ್ಲಿ ಈ ಬಾಗಿಲು ತೆರೆದ ವರ್ಷ, ಮೂರೂ ಒಂದೇ. ಗಣಿ, ಧೂಳು, ಜೀನ್ಸ್ ಬಿಟ್ಟು ಬಳ್ಳಾರಿಯ ಹೆಸರು ಹೀಗೂ ಓಡಾಡಿದೆ ಎಂದು ಕೇಳಿ ನನಗೆ ತುಂಬಾ ಹೆಮ್ಮೆಯಾಯಿತು.

ಫೆಬ್ರವರಿಯಲ್ಲಿ ಥೆರಪಿ ಶುರುವಾಯಿತು. ವಾರಕ್ಕೊಮ್ಮೆ, ತೊಂಬತ್ತು ನಿಮಿಷ, ಒಟ್ಟು ಹನ್ನೆರಡು ಸಲ. ಇಂಗ್ಲಿಷಿನಲ್ಲಿ ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಎನ್ನುತ್ತಾರೆ, ಎಡ್ನಾ ಫೋವಾ ಎಂಬ ಮನಃಶಾಸ್ತ್ರಜ್ಞೆ ರೂಪಿಸಿದ್ದು. ಹೆದರಿಸುವ ನೆನಪಿನ ಎದುರಿಗೆ ಬೇಕೆಂದೇ, ಬಹಳ ಹೊತ್ತು, ಮತ್ತೆ ಮತ್ತೆ ಕೂರುವುದು. ನನಗೆ ಸಿಕ್ಕ ಮನಃಶಾಸ್ತ್ರಜ್ಞೆ ನನಗಿಂತ ಚಿಕ್ಕವರು. ಮೊದಲ ದಿನ ಉಸಿರಾಟ ಕಲಿಸಿದರು, ಕಾಯಿಲೆ ಹೇಗೆ ಬೇರೂರುತ್ತದೆ ಎಂದು ವಿವರಿಸಿದರು. ನನಗೆ ಅದು ತರಗತಿಯ ಮಾತಿನಲ್ಲೇ ಅರ್ಥವಾಯಿತು. ಓದಲು ತಡವರಿಸುವ ಹುಡುಗ ಗಟ್ಟಿ ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾನೆ, ಮತ್ತೆ ಮೊದಲ ಸಾಲಿಗೆ ಹೋಗುತ್ತಾನೆ, ಮತ್ತೆ ಅಲ್ಲೇ ನಿಲ್ಲುತ್ತಾನೆ. ಪಾಠ ಮುಗಿಯುವುದೇ ಇಲ್ಲ. ನಾನು ಒಂದೂವರೆ ವರ್ಷದಿಂದ ಆ ‘ಚುಸ್ಸ್’ ತನಕ ಓದಿ ನಿಲ್ಲುತ್ತಿದ್ದೆ.

ಭಯವನ್ನು ಸೊನ್ನೆಯಿಂದ ನೂರರಲ್ಲಿ ಅಳೆಯಬೇಕು ಎಂದರು. ನನಗೆ ನೂರು ಹಿಡಿತಕ್ಕೆ ಬರಲಿಲ್ಲ. ನಮ್ಮಪ್ಪ ಎಲ್ಲವನ್ನೂ ಆಣೆಯಲ್ಲಿ ಹೇಳುತ್ತಿದ್ದರು, ಬೆಳೆ ಎಂಟಾಣೆ ಬಂದಿದೆ, ಜ್ವರ ನಾಲ್ಕಾಣೆ ಇಳಿದಿದೆ ಅಂತ. “ಆಣೆಯೊಳಗ ಹೇಳ್ಲೇನ್ರಿ?” ಎಂದೆ. “ಹೇಳ್ರಿ, ಹದಿನಾರಾಣೆ ಅಂದ್ರ ಪೂರ್ತಿ ಅಂಜಿಕಿ” ಎಂದು ಅವರೂ ಹಾಗೇ ಬರೆದುಕೊಂಡರು. ಆಮೇಲೆ ಹೆದರಿಸುವ ಸಂಗತಿಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿದೆವು. ಕುಕ್ಕರ್ ಆರಾಣೆ. ಹೊಸಪೇಟೆ ರಸ್ತೆಯ ಬದಿಯಲ್ಲಿ ನಿಲ್ಲುವುದು ಹನ್ನೆರಡು. ಟಂಟಂ ಹತ್ತಿ ಕುಡತಿನಿ ತನಕ ಹದಿನಾಲ್ಕು. ಅಂಚಿನ ಸೀಟು ಹದಿನೈದು. ಗಣಿತದ ಟೀಚರಿನ ತಾಯಿಯನ್ನು ನೋಡುವುದು ಹದಿನಾರು.

ಮೂರನೇ ವಾರದಿಂದ ಕಥೆ ಹೇಳುವುದು. ಕಣ್ಣು ಮುಚ್ಚಬೇಕು, ‘ಹೋದೆ’ ಅನ್ನಬಾರದು, ‘ಹೋಗ್ತಿದ್ದೀನಿ’ ಅನ್ನಬೇಕು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಯಲ್ಲಿ ದಿನಕ್ಕೊಮ್ಮೆ ಕೇಳಬೇಕು. ಮೊದಲ ಸಲ ಹೇಳಿದ್ದು ಏಳು ನಿಮಿಷ, ಅದರಲ್ಲಿ ಅರ್ಧ ಬಿಕ್ಕಳಿಕೆ. ಮರುವಾರ ಅಲ್ಲೇ ವಾಂತಿ ಮಾಡಿಕೊಂಡೆ. ನಿಂತಿದ್ದ ಕನಸುಗಳು ಮರಳಿ ಬಂದವು. ಇದನ್ನು ಮುಚ್ಚಿಡಲಾರೆ: ಈ ಚಿಕಿತ್ಸೆ ಗುಣ ಕಾಣುವ ಮುಂಚೆ ಇನ್ನಷ್ಟು ಕೆಡಿಸಿತು. ಒಂದು ವಾರ ಹೋಗಲೇ ಇಲ್ಲ. ಮನೆಯವರು ಕೂಡ “ಬಿಡು, ಇದ್ದದ್ದೇ ಸಾಕಿತ್ತು” ಎಂದರು. ಅವತ್ತು ಸಂಜೆ ಮನಃಶಾಸ್ತ್ರಜ್ಞೆ ತಾವೇ ಫೋನ್ ಮಾಡಿ, ಬನ್ನಿ ಎಂದು ಒತ್ತಾಯಿಸಲಿಲ್ಲ, “ಎಲ್ಲಿ ನಿಂತಿದ್ರಿ?” ಅಂತ ಕೇಳಿದರು. “ಬ್ರೇಕಿನ ಸಪ್ಪಳಕ್ಕ” ಎಂದೆ. “ಆಮೇಲಿನ ಒಂದೇ ಒಂದು ಸಾಲು ಹೇಳೋಣ ಬರ್ರಿ, ಅಷ್ಟೇ” ಎಂದರು.

ಆ ದಿನಗಳಲ್ಲಿ ಎಂಡಿಎಂಎ ನೆನಪಾಗುತ್ತಲೇ ಇತ್ತು. ಅಲ್ಲಿನವರಿಗೆ ಔಷಧಿ ಕೊಟ್ಟ ದಿನ ಎಂಟು ತಾಸು, ಮೆತ್ತನೆ ಹಾಸಿಗೆ, ಕಣ್ಣಿಗೆ ಪಟ್ಟಿ, ಸಂಗೀತ, ಪಕ್ಕದಲ್ಲಿ ಇಬ್ಬರು ಚಿಕಿತ್ಸಕರು. ಅಂಥ ದಿನ ಮೂರು, ತಿಂಗಳಿಗೊಂದರಂತೆ. ಮುಂಚೆ ತಯಾರಿಗೆ ಮೂರು ಸಲ, ಆಮೇಲೆ ಕಂಡದ್ದನ್ನು ಅರಗಿಸಿಕೊಳ್ಳಲು ಒಂಬತ್ತು ಸಲ, ಒಂದೊಂದೂ ತೊಂಬತ್ತು ನಿಮಿಷ. ಒಂದು ದಿನ ಕೂತು ಕೂಡಿಸಿದೆ. ನಮ್ಮ ಗಣಿತದ ಟೀಚರ್ ಇದ್ದಿದ್ದರೆ ಬಾಯಲ್ಲೇ ಹೇಳುತ್ತಿದ್ದಳು. 24 ತಾಸು ಔಷಧಿಯ ಜೊತೆ, 18 ತಾಸು ಔಷಧಿಯಿಲ್ಲದ ಮಾತು, ಒಟ್ಟು 42. ಇಬ್ಬರು ಚಿಕಿತ್ಸಕರು, ಹಾಗಾಗಿ 84 ತಾಸಿನ ದುಡಿಮೆ, ಒಬ್ಬ ರೋಗಿಗೆ. ನನ್ನ ಹನ್ನೆರಡು ಸಲದ್ದು 18 ತಾಸು. ಆ ಮೊದಲ ಆಸ್ಪತ್ರೆಯ ಮೂರು ನಿಮಿಷದ ಲೆಕ್ಕದಲ್ಲಿ ಹೋದರೆ 84 ತಾಸಿಗೆ 1,680 ರೋಗಿಗಳು. ನಾಳೆ ನಮ್ಮ ಸರ್ಕಾರ ಈ ಔಷಧಿಗೆ ಅನುಮತಿ ಕೊಟ್ಟಿತು ಅಂತಲೇ ಇಟ್ಟುಕೊಳ್ಳಿ, ಪಕ್ಕದಲ್ಲಿ ಕೂರುವವರನ್ನು ಎಲ್ಲಿಂದ ತರುತ್ತಾರೆ? ಗುಳಿಗೆಯನ್ನು ಮಾತ್ರ ತಂದು ಮೂರು ನಿಮಿಷದ ಚೀಟಿಯಲ್ಲಿ ಬರೆದುಕೊಟ್ಟರೆ ಅದು ಈ ಪ್ರಯೋಗಗಳಲ್ಲಿ ಪರೀಕ್ಷೆಯಾದ ಚಿಕಿತ್ಸೆಯೇ ಅಲ್ಲ. ನನಗೆ ಇದರ ಬಗ್ಗೆ ಕಳವಳವಿದೆ.

ಏಪ್ರಿಲ್. ಬಳ್ಳಾರಿಯ ಬಿಸಿಲು ಗೊತ್ತಲ್ಲ. ಮನೆಯವರು ಮತ್ತು ನಾನು ಸಂಜೆ ಐದಕ್ಕೆ ಹೊಸಪೇಟೆ ರಸ್ತೆಯ ಒಂದು ಚಹಾದಂಗಡಿಯ ಮುಂದೆ ಬೆಂಚಿನ ಮೇಲೆ ಕೂರುತ್ತಿದ್ದೆವು. ನಿಯಮ ಒಂದೇ, ಅಂಜಿಕೆ ಅರ್ಧಕ್ಕೆ ಇಳಿಯುವ ತನಕ ಏಳಬಾರದು. ಮೊದಲ ದಿನ ಮೊದಲ ಟಿಪ್ಪರ್ ಬಂದಾಗ ಬೆಂಚಿನ ಅಂಚನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಮರದ ಸಿಬರು ಹೊಕ್ಕಿತ್ತು. ಕೆಂಪು ಧೂಳು ಚಹಾದ ಗ್ಲಾಸಿನ ಮೇಲೆ ಕೂರುವುದನ್ನೇ ನೋಡುತ್ತಿದ್ದೆ. ಹದಿಮೂರಾಣೆ. ಇಪ್ಪತ್ತು ನಿಮಿಷಕ್ಕೆ ಹನ್ನೆರಡು. ಮುಕ್ಕಾಲು ತಾಸಿಗೆ ಏಳು. ಹತ್ತನೇ ದಿನ ಬಂದ ಲಾರಿಗಳನ್ನು ಎಣಿಸುವುದೇ ಮರೆತು ಮನೆಯವರ ಜೊತೆ ಮಗಳ ಶಾಲೆ ಫೀಸಿನ ಮಾತಾಡುತ್ತಿದ್ದೆ. ಅವರೇ ಎಚ್ಚರಿಸಿದರು, ಏರ್ ಬ್ರೇಕು ಹಾಕಿದ ಲಾರಿ ಆಗಲೇ ದಾಟಿ ಹೋಗಿತ್ತು.

ಒಂಬತ್ತನೇ ವಾರ ರೆಕಾರ್ಡಿಂಗಿನಲ್ಲಿ ನಾನೇ ಹೇಳದೆ ಬಿಟ್ಟಿದ್ದ ಒಂದು ತುಣುಕು ಬಂತು. ಕುಡತಿನಿಯಲ್ಲಿ ಟಂಟಂ ನಿಲ್ಲಿಸಿ ಅವಳು ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದಳು, ಪೇಪರಿನ ಪೊಟ್ಟಣ, ಎಣ್ಣೆ ಒಸರಿದ್ದು. ನಾನು “ಆ ಕಡಿ ಕೂಡ್ತೀಯೇನು, ಧೂಳಿಗೆ ಕೆಮ್ಮು ಬರಾಕತ್ತೈತಿ” ಎಂದೆ. ಅವಳ ಬಾಯಿ ತುಂಬಾ ಮಂಡಕ್ಕಿ ಇತ್ತು, ಮಾತಾಡಲಾಗದೆ ತಲೆಯಾಡಿಸಿದಳು, ಎದ್ದು ನನ್ನನ್ನು ದಾಟಿಕೊಂಡು ಹೋಗುವಾಗ ಪೊಟ್ಟಣ ನನ್ನ ಕೈಗೆ ಕೊಟ್ಟಳು. ಕೂತ ಮೇಲೆ “ಇವತ್ತು ಮಿರ್ಚಿ ಖಾರಾನೇ ಇಲ್ಲಕ್ಕಾ” ಎಂದಳು. ಆ ಪೊಟ್ಟಣ ಆಸ್ಪತ್ರೆ ತನಕ ನನ್ನ ಎಡಗೈಯಲ್ಲೇ ಇತ್ತು.

ಕೇಳಿದ್ದು ನಾನೇ. ಅದು ಬದಲಾಗಲಿಲ್ಲ, ಬದಲಾಯಿಸಲು ಮನಃಶಾಸ್ತ್ರಜ್ಞೆಯೂ ಹೋಗಲಿಲ್ಲ. ಆದರೆ ಒಂದೂವರೆ ವರ್ಷ ಅವಳ ಮುಖ ಎಂದರೆ ನನಗೆ ಕಾಣುತ್ತಿದ್ದದ್ದು ಕೊನೆಯದೊಂದೇ. ಈಗ ಅದರ ಮುಂಚಿನದೂ ಬಂತು, ಮಂಡಕ್ಕಿ ಅಗಿಯುವ ಮುಖ. ಆವತ್ತು ಕೊನೆಯಲ್ಲಿ ಕೇಳಿದಾಗ ಐದಾಣೆ ಎಂದೆ. ‘ಹಾಲಿನ ಲೆಕ್ಕ’ ಆವತ್ತಿನದು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅದೇ ರಸ್ತೆಯಲ್ಲಿ ಹೋದೆ, ಮೊದಲು ಬಸ್ಸಿನಲ್ಲಿ, ಆಮೇಲೆ ಟಂಟಂನಲ್ಲಿ. ಅದೇ ತಿಂಗಳ 4ರಂದು ಅಮೆರಿಕದ ಔಷಧಿ ಆಡಳಿತ ಎಫ್‌ಡಿಎಯ ಸಲಹಾ ಸಮಿತಿ ಎಂಡಿಎಂಎ ಚಿಕಿತ್ಸೆಯ ವಿರುದ್ಧ ಮತ ಹಾಕಿತು. ಲಾಭ ಅಪಾಯಕ್ಕಿಂತ ಹೆಚ್ಚಿದೆಯೇ ಎಂಬ ಪ್ರಶ್ನೆಗೆ ಹತ್ತು ಜನ ಇಲ್ಲ ಎಂದರು, ಒಬ್ಬರು ಹೌದು. ಆಗಸ್ಟ್ 9ರಂದು ಎಫ್‌ಡಿಎ ಅರ್ಜಿ ಹಾಕಿದ್ದ ಲೈಕೋಸ್ ಕಂಪನಿಗೆ ಇನ್ನೊಂದು ದೊಡ್ಡ ಪ್ರಯೋಗ ಮಾಡಿ ಬನ್ನಿ ಎಂದಿತು. ಸುದ್ದಿ ಓದಿ ಬೇಜಾರಾಯಿತು. ಅದೇ ವೇಳೆಗೆ ಇನ್ನೊಂದನ್ನೂ ಓದಿದೆ: ಕೆನಡಾದ ಹಿಂದಿನ ಒಂದು ಪ್ರಯೋಗದಲ್ಲಿ ಔಷಧಿಯ ಪ್ರಭಾವದಲ್ಲಿದ್ದ ಹೆಣ್ಣುಮಗಳ ಜೊತೆ ಚಿಕಿತ್ಸಕರು ಮೈಮುಟ್ಟಿ ನಡೆದುಕೊಂಡ ರೀತಿ. ಆ ಕೇಂದ್ರದ ಮಾಹಿತಿ ಸೇರಿದ್ದ ಮೂರು ಲೇಖನಗಳನ್ನು ಪತ್ರಿಕೆ ಹಿಂದಕ್ಕೆ ಪಡೆಯಿತು. ನಂಬಿಕೆ ಹುಟ್ಟಿಸುವುದೇ ಆ ಔಷಧಿಯ ಗುಣ. ನಂಬಿ ಮಲಗಿದವಳ ಪಕ್ಕ ಕೂತವರು ಕೆಟ್ಟವರಾದರೆ? ನನ್ನ ಕೋಣೆಯ ಬಾಗಿಲಿಗೆ ಒಂದು ಗೇಣಗಲದ ಗಾಜಿತ್ತು, ಹೊರಗೆ ಮನೆಯವರು ಕೂತಿರುತ್ತಿದ್ದರು. ಮೊದಲ ದಿನ ಅದರ ಬೆಲೆ ತಿಳಿದಿರಲಿಲ್ಲ.

ಹಾಗಂತ ಆ ಬಾಗಿಲು ಮುಚ್ಚಲಿ ಎಂದು ನಾನು ಹೇಳುವುದಿಲ್ಲ. ನನಗೆ ಈ ದಾರಿ ಹಿಡಿಯಿತು. ಜೊತೆಗೆ ಶುರು ಮಾಡಿದ್ದ ಒಬ್ಬ ಹೆಣ್ಣುಮಗಳು ನಾಲ್ಕನೇ ವಾರ ಬಿಟ್ಟು ಹೋದಳು, ಅವಳದು ನನಗಿಂತ ಭಾರದ ನೆನಪು, ಬರಿಗೈಯಲ್ಲಿ ಎತ್ತಲಾಗಲಿಲ್ಲ. ಅಂಥವರಿಗೆ ಏನಿದೆ? ನಮ್ಮ ದೇಶದಲ್ಲೇ, ಕಾನೂನಿನ ಒಳಗೇ, ಗಾಜಿನ ಬಾಗಿಲಿನ ಕೋಣೆಯಲ್ಲಿ ಒಳ್ಳೆಯ ಪ್ರಯೋಗವೊಂದು ನಡೆಯಲಿ ಎಂದು ಮನಸಾರೆ ಬಯಸುತ್ತೇನೆ. ಹಳ್ಳಿ ಆಸ್ಪತ್ರೆಯಲ್ಲಿ ಮನಸ್ಸಿಗೆ ಔಷಧಿ ಕೊಡಬಹುದು ಎಂದು ತೋರಿಸಿದ ಜಿಲ್ಲೆ ಇದು.

ಹದಿನಾರಾಣೆಯ ಮೆಟ್ಟಿಲು ಉಳಿದಿತ್ತು. ಥೆರಪಿ ಮುಗಿದು ನಾಲ್ಕು ತಿಂಗಳಾದರೂ ಮುಂದೂಡುತ್ತಲೇ ಬಂದೆ. ದಸರಾ ರಜೆಯಲ್ಲಿ ಹೊರಟೆ, ತೋರಣಗಲ್ಲಿನಲ್ಲಿ ಇಳಿದು ಸಂಡೂರಿನ ಬಸ್ಸು. ಆ ತಾಯಿ ಬಾಗಿಲಲ್ಲೇ ನನ್ನ ಗುರುತು ಹಿಡಿದರು. ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಲಿಲ್ಲ. ನೀರು ಕೊಟ್ಟರು, ಎದುರಿಗೆ ನೆಲದ ಮೇಲೆ ಕೂತರು.

“ಏನಾರ ಅಂದ್ಲೇನವ್ವ, ಕೊನಿಗೆ?”

ಹೇಳಿದೆ. ಕುಡತಿನಿಯಲ್ಲಿ ಇಳಿದದ್ದು, ಪೊಟ್ಟಣ, ನಾನು ಸೀಟು ಕೇಳಿದ್ದು, ಅದನ್ನೂ ಬಿಡಲಿಲ್ಲ, ಅವಳು ತಲೆಯಾಡಿಸಿದ್ದು, ಮಿರ್ಚಿ ಖಾರ ಇಲ್ಲ ಎಂದದ್ದು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಸೀಟಿನ ಮಾತು ಬಂದಾಗ ಕಣ್ಣು ಮುಚ್ಚಿದರು. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹೊರಗೆ ಅದಿರು ಲಾರಿಯೊಂದು ಇಳಿಜಾರಿನಲ್ಲಿ ಬ್ರೇಕು ಹಾಕಿತು.

“ಖಾರ ಅಂದ್ರ ಅದಕ್ಕ ಜೀವ,” ಎಂದರು. ಆಮೇಲೆ ಸೆರಗು ಕೆಳಗಿಳಿಸಿ, “ಮತ್ತೊಮ್ಮೆ ಹೇಳವ್ವ. ಮೊದಲಿಂದ.”

ಕುಡತಿನಿಯಿಂದ ಶುರು ಮಾಡಿದೆ.